ಮೊದಲು ಥರ್ಮಾಮೀಟರ್ ತಗೋ, ಸ್ಮೋಕರ್ ಮಾತು ಆಮೇಲೆ

ಹೋದ ವಾರ ಬೆಂಗಳೂರಿಂದ ತಮ್ಮನ ಮಗ ಫೋನ್ ಮಾಡಿದ್ದ. "ಅತ್ತೆ, ಮಾಂಸಕ್ಕೆ ಹೊಗೆ ಕೊಡೋಕೆ ಒಂದು ಸ್ಮೋಕರ್ ತಗೋಬೇಕು ಅಂತ ಇದ್ದೀನಿ. ಐದು ಫೋಟೋ ಕಳಿಸಿದ್ದೀನಿ, ಯಾವುದು ತಗೊಳ್ಲಿ ನೋಡಿ ಹೇಳಿ" ಅಂದ. ಕನ್ನಡಕ ಹಾಕ್ಕೊಂಡು ನೋಡಿದೆ. ಒಂದು ರೈಲು ಇಂಜಿನ್ ತರ ಇತ್ತು. ಒಂದು ಬೀರು ತರ. ಇನ್ನೊಂದಕ್ಕೆ ಮೊಬೈಲಲ್ಲೇ ಉರಿ ಹೆಚ್ಚು ಕಮ್ಮಿ ಮಾಡಬಹುದಂತೆ. "ಐದರಲ್ಲಿ ಯಾವುದೂ ಬೇಡ ಮಾರಾಯ" ಅಂದೆ. ಅವನಿಗೆ ಬೇಜಾರಾಯ್ತು. "ನಿಮಗೇನು ಅತ್ತೆ, ಒಲೆ ಮೇಲೆ ಮಾಂಸ ನೇತುಹಾಕಿ ತಿಂದು ಬೆಳೆದವರು. ನಮಗೆಲ್ಲಿ ಆ ಭಾಗ್ಯ?" ಅಂತ ಅಂದು ಫೋನ್ ಇಟ್ಟ.

ಆ 'ಭಾಗ್ಯ' ಅನ್ನೋ ಮಾತು ನನ್ನ ತಲೇಲೇ ಕೂತಿದೆ. ಅದಕ್ಕೇ ಇವತ್ತು ಇದನ್ನ ಬರೀತಾ ಇದ್ದೀನಿ. ಅವನ ತರಾನೇ ಯೋಚನೆ ಮಾಡೋರು ಸುಮಾರು ಜನ ಇದ್ದಾರೆ. ಅಂಗಡಿಯವರ ಬಣ್ಣದ ಮಾತು ನಂಬೋರು ಒಂದು ಕಡೆ, ಅಜ್ಜಿ ಕಾಲದ ಒಲೆ ನೆನೆದು ಕಣ್ಣೀರು ಹಾಕೋರು ಇನ್ನೊಂದು ಕಡೆ. ನನ್ನ ಜಗಳ ಇಬ್ಬರ ಜೊತೆಗೂ.

ಮೊದಲು ಒಲೆ ವಿಷಯ ಹೇಳಿಬಿಡ್ತೀನಿ.

ನಮ್ಮ ಮಲೆನಾಡಿನ ಮನೆಗಳಲ್ಲಿ ಅಡುಗೆ ಒಲೆ ಮೇಲೆ ಆಳೆತ್ತರದಲ್ಲಿ ಒಂದು ಬಿದಿರಿನ ತಟ್ಟಿ ತೂಗುಹಾಕಿರ್ತಿತ್ತು. ಮಳೆಗಾಲ ಅಂದ್ರೆ ಮೂರು ನಾಲ್ಕು ತಿಂಗಳು ಸೂರ್ಯನ ಮುಖ ಇಲ್ಲ. ಒಣಗಬೇಕಾದ್ದೆಲ್ಲ ಆ ತಟ್ಟಿ ಮೇಲೇ ಒಣಗಬೇಕು. ಉಪ್ಪಾಗೆ ಸಿಪ್ಪೆ, ಬಿತ್ತನೆ ಬೀಜ, ಒಣಮೀನು, ಹಂದಿ ಮಾಂಸ ಎಲ್ಲಾ ಅಲ್ಲೇ. ಮಾಂಸನ ಅಜ್ಜಿ ಬೆರಳು ದಪ್ಪಕ್ಕೆ ಉದ್ದುದ್ದ ಸೀಳಿ, ಕೈ ತುಂಬ ಉಪ್ಪು ಮತ್ತೆ ಅರಿಶಿನ ತಿಕ್ಕಿ ಒಂದು ರಾತ್ರಿ ಇಟ್ಟು, ನೀರು ಬಸಿದು, ದಾರಕ್ಕೆ ಪೋಣಿಸಿ ನೇತುಹಾಕೋರು. ವಾರಗಟ್ಟಲೆ ಅಲ್ಲೇ ಇರ್ತಿತ್ತು. ಕೊನೆಗೆ ಕರೀ ಬಾರುಕೋಲಿನ ತರ ಆಗ್ತಿತ್ತು, ಬಗ್ಗಿಸಿದ್ರೆ ಲಟಕ್ ಅನ್ನೋದು. ಬೇಕಾದಾಗ ಇಳಿಸಿ, ಬಿಸಿನೀರಲ್ಲಿ ನೆನೆಸಿ, ಒಂದು ಗಂಟೆ ಕುದಿಸಿ, ಕಲ್ಲಲ್ಲಿ ಜಜ್ಜಿ, ಕಾಳುಮೆಣಸು ಹಾಕಿ ಹುರಿಯೋರು. ಅಕ್ಕಿರೊಟ್ಟಿ ಜೊತೆ ಅದನ್ನ ತಿಂದ ನಾಲಿಗೆ ಅದನ್ನ ಮರೆಯಲ್ಲ, ಇದು ನಾನೂ ಒಪ್ಪೋ ಮಾತು.

ಆದ್ರೆ ಆ ಹೊಗೆ ಮಾಂಸಕ್ಕೆ ಮಾತ್ರ ಹಿಡೀಲಿಲ್ಲ. ಅಜ್ಜಿ ಒಂದು ಬೀಡಿ ಸೇದಿದವರಲ್ಲ, ಎಲೆಅಡಿಕೆಗೆ ಹೊಗೆಸೊಪ್ಪೂ ಹಾಕಿದವರಲ್ಲ. ಐವತ್ತು ದಾಟೋ ಹೊತ್ತಿಗೆ ಹತ್ತು ಹೆಜ್ಜೆ ನಡೆದ್ರೆ ಏದುಸಿರು. ರಾತ್ರಿ ಇಡೀ ಕೆಮ್ಮು. ಕೊನೇ ಎರಡು ವರ್ಷ ಮಲಗಿ ನಿದ್ರೆ ಮಾಡಿದ್ದೇ ಇಲ್ಲ, ಗೋಡೆಗೆ ಒರಗಿ ಕೂತೇ ಇರೋರು. ಅಟ್ಟದ ಇಲ್ಲಣ ಹೊಡೆದಾಗ ಬುಟ್ಟಿಗಟ್ಟಲೆ ಮಸಿ ಬೀಳ್ತಿತ್ತು. ಅಷ್ಟೇ ಮಸಿ ಅವರ ಎದೆಯೊಳಗೂ ಕೂತಿತ್ತು, ಅದನ್ನ ಹೊಡೆಯೋ ಪೊರಕೆ ಇರಲಿಲ್ಲ. ಮನೆಯೊಳಗಿನ ಒಲೆ ಹೊಗೆಯಿಂದ 2020ರಲ್ಲಿ ಲೋಕದಾದ್ಯಂತ ಸುಮಾರು 32 ಲಕ್ಷ ಜನ ಸತ್ತರು ಅಂತ ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಕೊಟ್ಟಿದೆ. ಆ ಲೆಕ್ಕ ಓದಿದಾಗ ನನಗೆ ಕಂಡಿದ್ದು ಊದುಕೊಳವೆ ಹಿಡಿದು ಕೂತ ಅಜ್ಜಿ ಮುಖ.

ನಮ್ಮಲ್ಲಿ ಈ ಕಷ್ಟ ಯಾರಿಗೂ ಗೊತ್ತಿರಲಿಲ್ಲ ಅಂತಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊಫೆಸರ್ ಎ. ಕೆ. ಎನ್. ರೆಡ್ಡಿಯವರು ಕಟ್ಟಿದ 'ಅಸ್ತ್ರ' ಅನ್ನೋ ವಿಭಾಗದವರು ಚಿಮಣಿ ಇರೋ ಮೂರು ಪಾತ್ರೆ ಒಲೆ ಮಾಡಿ ಹಳ್ಳಿ ಹಳ್ಳಿಗೆ ಕೊಟ್ಟರು. ಅಸ್ತ್ರ ಒಲೆ ಅಂದ್ರೆ ಈಗಲೂ ನಮ್ಮ ವಯಸ್ಸಿನವರಿಗೆ ಗೊತ್ತು. ನಮ್ಮ ಮನೇಲಿ ಅದನ್ನ ಕಟ್ಟಿಸಿದಾಗ ಗಂಡಸರ ತಕರಾರು ಏನು ಗೊತ್ತಾ? "ಅಟ್ಟಕ್ಕೆ ಹೊಗೆ ಹೋಗಲ್ಲ, ಬೀಜಕ್ಕೆ ಹುಳ ಹಿಡೀತದೆ, ಮಾಂಸ ಒಣಗಲ್ಲ." ಅವ್ವ ಒಂದೇ ಮಾತು ಹೇಳಿದ್ರು: "ಮಾಂಸ ಒಣಗದಿದ್ರೆ ಬೇಡ, ನನ್ನ ಕಣ್ಣು ಉರಿಯೋದು ನಿಂತರೆ ಸಾಕು." ಹಂಗಾಗಿ 'ಒಲೆ ಮೇಲಿನ ಹೊಗೆ ಮಾಂಸದ ಭಾಗ್ಯ' ಅನ್ನೋ ಮಾತನ್ನ ದಯವಿಟ್ಟು ಅಡುಗೆಮನೆಯಲ್ಲಿ ಕೂತು ಹೊಗೆ ಕುಡಿದವರ ಎದುರಿಗೆ ಆಡಬೇಡಿ. ಆ ಭಾಗ್ಯ ಜಗಲಿ ಮೇಲೆ ಕೂತು ತಿಂದವರದ್ದು.

ಹೊಗೆ ಮನೆಯ ಹೊರಗೆ ಇರಬೇಕು. ಅದರ ಮೇಲೆ ಮುಚ್ಚಳ ಇರಬೇಕು. ಸ್ಮೋಕರ್ ತಗೊಳ್ಳೋದಕ್ಕೆ ಇದೊಂದೇ ಒಳ್ಳೇ ಕಾರಣ.

ಈಗ ಅಂಗಡಿಯವರ ಕಡೆ ತಿರುಗ್ತೀನಿ. ಅವರು ಹೇಳದೇ ಇರೋ ಒಂದು ಮಾತಿದೆ. ಅಜ್ಜಿ ಮಾಡ್ತಿದ್ದದ್ದೂ ಈ ಯಂತ್ರಗಳು ಮಾಡೋದೂ ಒಂದೇ ಕೆಲಸ ಅಲ್ಲ. ಅಜ್ಜಿಯದ್ದು ಒಣಗಿಸೋ ಹೊಗೆ: ತೆಳು ಸೀಳು, ಭಾರೀ ಉಪ್ಪು, ವಾರಗಟ್ಟಲೆ ಒಣಗು, ಆಮೇಲೆ ಒಂದು ಗಂಟೆ ಕುದಿ. ಅಷ್ಟು ಕಟ್ಟುಪಾಡು ದಾಟಿ ಯಾವ ಕ್ರಿಮಿಯೂ ಬದುಕಿ ಬರೋದು ಕಷ್ಟ. ಸ್ಮೋಕರಿನದ್ದು ಬೇಯಿಸೋ ಹೊಗೆ: ದಪ್ಪ ತುಂಡು, ಒಳಗೆಲ್ಲ ರಸ, 110ರಿಂದ 130 ಡಿಗ್ರಿ ಬಿಸಿ, ಗಂಟೆಗಟ್ಟಲೆ ಕಾಯೋದು, ಇಳಿಸಿದ ಕೂಡಲೇ ತಿನ್ನೋದು. ಇಲ್ಲಿ ಕಾಪಾಡೋದು ಉಪ್ಪೂ ಅಲ್ಲ, ಹೊಗೆಯೂ ಅಲ್ಲ. ಬಿಸಿ ಒಂದೇ. 5 ಡಿಗ್ರಿಯಿಂದ 60 ಡಿಗ್ರಿ ಒಳಗೆ ಮಾಂಸ ಜಾಸ್ತಿ ಹೊತ್ತು ಇದ್ರೆ ಅದು ಕ್ರಿಮಿಗಳಿಗೆ ಗೊಬ್ಬರದ ಗುಂಡಿ ಇದ್ದಂಗೆ. ಕೋಳಿ ಒಳಗಡೆ 74 ಡಿಗ್ರಿ ಮುಟ್ಟಲೇಬೇಕು.

ಇದನ್ನ ನಾನು ಪುಸ್ತಕದಿಂದ ಮೊದಲು ಕಲೀಲಿಲ್ಲ. ತಪ್ಪು ಮಾಡಿ ಕಲಿತೆ. ತಮ್ಮನ ಮಗನಿಗೆ ಇದು ನೆನಪಿಲ್ಲ, ಆಗ ಅವನಿಗೆ ಆರು ವರ್ಷ. ರಜೆಗೆ ಬಂದಿದ್ದ. ನನಗೂ ಹುಮ್ಮಸ್ಸು. ಹದಿನೈದು ಕೆಜಿ ಎಣ್ಣೆ ಡಬ್ಬಕ್ಕೆ ತೂತು ಹೊಡೆದು, ಕೆಳಗೆ ಒದ್ದೆ ಮರದಪುಡಿ ಹಾಕಿ, ನಾಲ್ಕು ಗಂಟೆ ಹೊಗೆ ಕೊಟ್ಟೆ. ಕೋಳಿ ತೊಡೆ ತಾಮ್ರದ ಚೊಂಬಿನ ಹಂಗೆ ಹೊಳೀತಿತ್ತು. "ಆಹಾ, ಏನು ಬಣ್ಣ!" ಅಂತ ಎಲ್ಲರೂ ಹೊಗಳಿದ್ರು. ಮೂಳೆ ಹತ್ತಿರ ಕೆಂಪಗಿತ್ತು, ಹೊಗೆಗೆ ಹಂಗೇ ಇರ್ತದೆ ಅಂತ ನಾನೇ ಹೇಳಿದೆ. ಮರುದಿನ ಸಂಜೆ ಮನೆಮಂದಿಗೆಲ್ಲ ವಾಂತಿ ಭೇದಿ. ದೊಡ್ಡವರು ಹೆಂಗೋ ತಡಕೊಂಡ್ವಿ. ಮಗು ಕಣ್ಣು ಗುಳಿ ಬಿದ್ದು, ನಾಲಿಗೆ ಒಣಗಿ, ಕರೆದ್ರೆ ಓಗೊಡದ ಹಂಗೆ ಆಯ್ತು. ಮಳೇಲಿ ಜೀಪು ಮಾಡಿಕೊಂಡು ಘಾಟಿ ದಾರೀಲಿ ಆಸ್ಪತ್ರೆಗೆ ಹೋಗಿ, ಎರಡು ದಿನ ಡ್ರಿಪ್ ಹಾಕಿಸಿದ್ವಿ. ಆ ಎರಡು ರಾತ್ರಿ ನನ್ನ ತಮ್ಮನ ಹೆಂಡತಿ ನನ್ನ ಮುಖ ನೋಡಿ ಒಂದು ಮಾತೂ ಆಡಲಿಲ್ಲ. ಬೈದಿದ್ರೆ ವಾಸಿ ಇತ್ತು.

ತಪ್ಪು ಎಲ್ಲಿ ಅಂದ್ರೆ, ನಾನು ಬಣ್ಣ ನೋಡಿ ಬೆಂದಿದೆ ಅಂದುಕೊಂಡೆ. ಹೊಗೆ ಬಣ್ಣ ಕೊಡ್ತದೆ, ಬೇಯಿಸಲ್ಲ. ಇನ್ನೊಂದು ಮೋಸ ಇದೆ: ಸರಿಯಾಗಿ ಬೆಂದ ಹೊಗೆ ಮಾಂಸದ ಅಂಚಲ್ಲೂ ಕೆಲವು ಸಲ ಕೆಂಪು ಬಣ್ಣ ಉಳೀತದೆ. ಉರಿಯಲ್ಲಿ ಹುಟ್ಟೋ ಅನಿಲಗಳು ಮಾಂಸದ ಬಣ್ಣವನ್ನ ಹಿಡಿದಿಡ್ತವೆ. ಅಂದ್ರೆ ಕಣ್ಣು ಎರಡೂ ಕಡೆ ಸುಳ್ಳು ಹೇಳ್ತದೆ. ಸುಳ್ಳು ಹೇಳದೇ ಇರೋದು ಮಾಂಸದ ಹೊಟ್ಟೆಗೆ ಚುಚ್ಚೋ ಮುಳ್ಳಿನ ಥರ್ಮಾಮೀಟರ್ ಒಂದೇ. ಸ್ಮೋಕರಿನ ಮುಚ್ಚಳಕ್ಕೆ ಅಂಟಿಸಿರ್ತಾರಲ್ಲ ಗಡಿಯಾರದ ಹಂಗಿರೋ ಮುಳ್ಳು, ಅದನ್ನ ನಂಬಬೇಡಿ. ಅದು ಹೇಳೋದು ಮುಚ್ಚಳದ ಕೆಳಗಿನ ಗಾಳಿ ಎಷ್ಟು ಬಿಸಿ ಅಂತ, ಮಾಂಸದ ಒಳಗೆ ಏನಾಗಿದೆ ಅಂತ ಅಲ್ಲ. ಅದಕ್ಕೇ ನನ್ನ ಮೊದಲ ಮಾತು: ಸ್ಮೋಕರ್ ತಗೊಳ್ಳೋ ಮುಂಚೆ ಒಳ್ಳೇ ಥರ್ಮಾಮೀಟರ್ ತಗೊಳ್ಳಿ. ಕುದಿಯೋ ನೀರಲ್ಲಿ ಅದ್ದಿ 100ರ ಹತ್ತಿರ ತೋರಿಸ್ತದಾ ನೋಡಿ. ನಮ್ಮ ಗುಡ್ಡದ ಊರುಗಳಲ್ಲಿ ಮೂರು ನಾಲ್ಕು ಡಿಗ್ರಿ ಕಮ್ಮಿಗೇ ನೀರು ಕುದೀತದೆ, ಗಾಬರಿ ಬೇಡ. ಒಂದು ತಿಂಗಳು ಮನೆಯ ಸಾರು, ಹುರಿದ ಕೋಳಿ ಎಲ್ಲದಕ್ಕೂ ಚುಚ್ಚಿ ನೋಡಿ ಅಭ್ಯಾಸ ಮಾಡಿ.

ಇನ್ನು ಆ ಐದು ಫೋಟೋ.

ರೈಲು ಇಂಜಿನ್ ತರದ್ದು ಆಫ್‌ಸೆಟ್. ಪಕ್ಕದ ಪೆಟ್ಟಿಗೇಲಿ ಬೆಂಕಿ, ದೊಡ್ಡ ಹೊಟ್ಟೇಲಿ ಮಾಂಸ. ನೋಡೋಕೆ ಗತ್ತು. ದಪ್ಪ ತಗಡಿಂದು ಒಳ್ಳೇದೇ, ಆದ್ರೆ ಅದನ್ನ ಎತ್ತೋಕೆ ನಾಲ್ಕು ಆಳು ಬೇಕು, ಬೆಲೆಯೂ ಹಂಗೇ. ಮೊದಲ ಸಲ ತಗೊಳ್ಳೋರಿಗೆ ಮಾರೋದು ತೆಳು ತಗಡಿಂದು. ಸಂದಿಸಂದೀಲಿ ಹೊಗೆ ಸೋರ್ತದೆ, ಗಾಳಿ ಬೀಸಿದ್ರೆ ಬಿಸಿ ಇಳೀತದೆ, ಅರ್ಧ ಮುಕ್ಕಾಲು ಗಂಟೆಗೊಮ್ಮೆ ಸೌದೆ ಹಾಕ್ತಾ ಇರಬೇಕು. ನಮ್ಮ ನೆಂಟರೊಬ್ಬರು ತಂದಿದ್ರು. ಮೂರು ಸಲ ಹಚ್ಚಿದ್ರು. ಈಗ ಅದರಲ್ಲಿ ಕೋಳಿ ಮೊಟ್ಟೆ ಇಡ್ತದೆ.

ಪೆಲೆಟ್ ಯಂತ್ರ ಅಮೆರಿಕದ ಆರಿಗನ್ ರಾಜ್ಯದಲ್ಲಿ 80ರ ದಶಕದಲ್ಲಿ ಹುಟ್ಟಿದ್ದು. ಒತ್ತಿ ಮಾಡಿದ ಮರದಪುಡಿ ಗುಳಿಗೆನ ಕರೆಂಟಿನ ತಿರುಪು ತಾನೇ ಬೆಂಕಿಗೆ ತಳ್ಳತದೆ. ಅಲ್ಲಿಗೆ ಅದು ಸರಿ. ನಮ್ಮಲ್ಲಿ? ಕರೆಂಟ್ ಹೋದ್ರೆ ಬೆಂಕಿ ಹೋಯ್ತು, ಮಾಂಸ ಆ 5ರಿಂದ 60ರ ಗುಂಡೀಲಿ ಕೂತಿತು. ಗುಳಿಗೆಗೆ ತೇವ ತಾಗಿದ್ರೆ ಉಬ್ಬಿ ಮತ್ತೆ ಮರದಪುಡಿಯೇ ಆಗಿ, ತಿರುಪಿನಲ್ಲಿ ಕಚ್ಚಿಕೊಳ್ತದೆ. ಉಪ್ಪಿನ ಡಬ್ಬಿಯೇ ನೀರೊಡೆಯೋ ನಮ್ಮ ಮಳೆಗಾಲದಲ್ಲಿ ಅದನ್ನ ಎಲ್ಲಿಡ್ತೀರಿ? ತೋಟದ ತುಂಬ ಕಸಿ ಮಾಡಿದ ಕಾಫಿ ರೆಂಬೆ ಬಿದ್ದಿರುವಾಗ ದುಡ್ಡು ಕೊಟ್ಟು ಮರದಪುಡಿ ತರಿಸೋದು ನನಗಂತೂ ಮನಸ್ಸು ಒಪ್ಪಲ್ಲ.

ಬೀರು ತರದ್ದು ಎಲೆಕ್ಟ್ರಿಕ್. ಇದರ ಬಗ್ಗೆ ನಾನು ಸುಮ್ಮನೆ ಬೈಯಲ್ಲ. ಬಿಸಿ ಒಂದೇ ಸಮ ಇರ್ತದೆ, ಸ್ವಲ್ಪ ಮರದ ಚೂರು ಹಾಕಿದ್ರೆ ಸಾಕು. ಕರೆಂಟ್ ನಂಬಬಹುದಾದ ಊರು, ಬಯಲು ತಾರಸಿ, ಇದ್ದಿಲಿಗೆ ಒಪ್ಪದ ಅಕ್ಕಪಕ್ಕದವರು ಇದ್ರೆ ಅದು ಪ್ರಾಮಾಣಿಕ ಯಂತ್ರ. ಆದ್ರೆ ಅದರಿಂದ ಬೆಂಕಿ ಕಲಿಯೋಕೆ ಆಗಲ್ಲ. ಹೊಗೆ ಕೊಡೋದು ಬಿಟ್ಟು ಬೇರೆ ಯಾವ ಕೆಲಸಕ್ಕೂ ಬರಲ್ಲ.

ನಾಲ್ಕನೇದು ಡ್ರಮ್ಮು. ಇನ್ನೂರು ಲೀಟರಿನ ಡ್ರಮ್ಮನ್ನ ವೆಲ್ಡಿಂಗ್ ಅಂಗಡೀಲಿ ಕೊಯ್ಸಿ ಮಾಡಿಕೊಳ್ಳೋದು. ಅಗ್ಗ, ಚೆನ್ನಾಗಿಯೂ ಕೆಲಸ ಮಾಡ್ತದೆ. ಆದ್ರೆ ಆ ಡ್ರಮ್ಮಲ್ಲಿ ಮೊದಲು ಏನಿತ್ತು? ತೋಟದ ಔಷಧಿ ಇತ್ತಾ? ಒಳಗೆ ಬಣ್ಣ ಬಳಿದಿದಾರಾ? ಸತುವಿನ ಲೇಪದ ತಗಡಾ? ಸತು ಕಾದು ಸುಟ್ಟರೆ ಬರೋ ಹೊಗೆ ಜ್ವರ ತರಿಸ್ತದೆ, ವೆಲ್ಡಿಂಗ್ ಮಾಡೋರನ್ನ ಕೇಳಿ. ಆಹಾರ ತುಂಬಿದ್ದ ಡ್ರಮ್ಮು ಅಂತ ಖಾತ್ರಿ ಇಲ್ಲದಿದ್ರೆ ಮುಟ್ಟಬೇಡಿ.

ಐದನೇದು ಮೊಬೈಲಲ್ಲಿ ಉರಿ ನೋಡೋ ಯಂತ್ರ. ಅದು ಪೆಲೆಟ್ಟೇ, ಬೆಲೆ ಮಾತ್ರ ದುಪ್ಪಟ್ಟು. ಬಿಟ್ಟುಬಿಡಿ.

ಹಂಗಾದ್ರೆ ಏನು ತಗೋಬೇಕು? ನನ್ನ ಉತ್ತರ ಅವನ ಫೋಟೋದಲ್ಲೇ ಇರಲಿಲ್ಲ: ಮುಚ್ಚಳ ಇರೋ ದುಂಡನೆ ಇದ್ದಿಲ ಒಲೆ, ಕೆಟಲ್ ಅಂತಾರೆ. 1952ರಲ್ಲಿ ಷಿಕಾಗೋದ ತಗಡಿನ ಕಾರ್ಖಾನೇಲಿ ಕೆಲಸ ಮಾಡ್ತಿದ್ದ ಜಾರ್ಜ್ ಸ್ಟೀಫನ್ ಅನ್ನೋರು ನೀರ ಮೇಲೆ ತೇಲೋ ಲೋಹದ ಬೋಯನ್ನ ಅರ್ಧಕ್ಕೆ ಕೊಯ್ದು, ಕಾಲು ಇಟ್ಟು, ಮುಚ್ಚಳ ಮಾಡಿ ಶುರು ಮಾಡಿದ್ದು. ಇವತ್ತಿಗೂ ಅದರಲ್ಲಿ ಇರೋದು ಇಷ್ಟೇ: ಒಂದು ಬೋಗುಣಿ, ಎರಡು ಜಾಲರಿ, ಒಂದು ಮುಚ್ಚಳ, ಮೇಲೊಂದು ಕೆಳಗೊಂದು ಗಾಳಿಕಿಂಡಿ. ಕೆಡೋಕೆ ಅದರೊಳಗೆ ಏನೂ ಇಲ್ಲ. ಯಾವ ಕಂಪನಿಯದ್ದಾದ್ರೂ ಸರಿ, ಮುಚ್ಚಳ ಬಿಗಿಯಾಗಿ ಕೂರಬೇಕು, ಎರಡೂ ಕಿಂಡಿ ಸಲೀಸಾಗಿ ತೆಗೆದು ಮುಚ್ಚೋ ಹಂಗಿರಬೇಕು. ಅಂಗಡೀಲೇ ಮುಚ್ಚಳ ಹಾಕಿ ಒಳಗೆ ಮೊಬೈಲ್ ಟಾರ್ಚ್ ಇಟ್ಟು ನೋಡಿ. ಬೆಳಕು ಸುತ್ತ ಸೋರಿದ್ರೆ ಗಾಳಿಯೂ ಸೋರ್ತದೆ.

ಕೆಂಡ ಒಂದು ಪಕ್ಕಕ್ಕೆ, ಮಾಂಸ ಇನ್ನೊಂದು ಪಕ್ಕಕ್ಕೆ, ಮಾಂಸದ ಕೆಳಗೆ ಒಂದು ತಟ್ಟೆ ನೀರು. ಮೇಲಿನ ಕಿಂಡಿ ಮಾಂಸದ ನೆತ್ತಿ ಮೇಲೆ ಬರೋ ಹಂಗೆ ಮುಚ್ಚಳ ಹಾಕಿದ್ರೆ ಹೊಗೆ ಮಾಂಸ ಸವರಿಕೊಂಡೇ ಹೋಗ್ತದೆ. ಮೇಲಿನ ಕಿಂಡಿ ಯಾವತ್ತೂ ಪೂರ್ತಿ ಮುಚ್ಚಬೇಡಿ, ಹೊಗೆ ನಿಂತ್ರೆ ಮಾಂಸ ಕಹಿ. ಬಿಸಿ ಹೆಚ್ಚು ಕಮ್ಮಿ ಮಾಡೋದು ಕೆಳಗಿನ ಕಿಂಡೀಲಿ. ನಮ್ಮ ಅವ್ವಂದಿರು ಒಲೆ ಬಾಯಲ್ಲಿ ಸೌದೆ ಹಿಂದೆ ಮುಂದೆ ಮಾಡಿ ಮಾಡ್ತಿದ್ದದ್ದೂ ಇದನ್ನೇ. ಹೊಗೆ ಬರ್ತಾ ಇಲ್ಲದ ದಿನ ಅದರಲ್ಲೇ ಮೀನು ಸುಡಬಹುದು, ಬದನೆಕಾಯಿ ಸುಡಬಹುದು, ಗೆಣಸು ಸುಡಬಹುದು. ಹೊಗೆ ಖಯಾಲಿ ಮೂರು ತಿಂಗಳಿಗೆ ಇಳಿದ್ರೂ ದುಡ್ಡು ದಂಡ ಅಲ್ಲ. ಮೊದಲನೇ ಸಾಮಾನಿಗೆ ಇದಕ್ಕಿಂತ ದೊಡ್ಡ ಗುಣ ಬೇರೆ ಬೇಕಾ?

ಸೌದೆ ವಿಷಯ ಚಿಕ್ಕದಾಗಿ ಹೇಳ್ತೀನಿ. ಬಿಸಿ ಕೊಡೋದು ಇದ್ದಿಲು, ರುಚಿ ಕೊಡೋದು ಎರಡು ಮೂರು ಅಂಗೈಯಗಲದ ಒಣ ಮರದ ತುಂಡು. ಪೇರಲೆ, ಮಾವು, ಹಲಸು, ಕಾಫಿ ಗಿಡದ ಬೊಡ್ಡೆ, ಯಾವುದಾದ್ರೂ ಆಗ್ತದೆ. ನೀರಲ್ಲಿ ನೆನೆಸಿ ಹಾಕಿ ಅಂತಾರೆ; ನೆನೆಸಿದ್ರೆ ಮೊದಲು ಬರೋದು ಹಬೆ, ಹೊಗೆ ಅಲ್ಲ. ದಟ್ಟ ಬಿಳಿ ಹೊಗೆ ಕಂಡ್ರೆ ಉರಿ ಉಸಿರುಕಟ್ಟಿದೆ ಅಂತ ಅರ್ಥ. ತೆಳ್ಳಗೆ, ನೀಲಿ ಛಾಯೆಯ ಹೊಗೆ ಬಂದ ಮೇಲೇ ಮಾಂಸ ಇಡಿ. ಪ್ಲೈವುಡ್, ಬಣ್ಣ ಬಳಿದ ಕಿಟಕಿ ಮರ, ಪ್ಯಾಕಿಂಗ್ ಹಲಗೆ ಇವು ಒಲೆ ಹತ್ತಿರವೂ ಬರಬಾರದು.

ಇನ್ನು ಫ್ಲ್ಯಾಟಿನವರು. ನನ್ನ ತಮ್ಮನ ಮಗ ಇರೋದೂ ಆರನೇ ಮಹಡೀಲಿ, ಗಾಜು ಹಾಕಿ ಮುಚ್ಚಿದ ಬಾಲ್ಕನಿ. "ಕಿಟಕಿ ತೆಗೆದಿಡ್ತೀನಿ ಅತ್ತೆ" ಅಂತಾನೆ. ಬೇಡ. ಕೆಂಡದಿಂದ ಬರೋ ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ, ಬಣ್ಣ ಇಲ್ಲ, ಕೆಮ್ಮೂ ಬರಿಸಲ್ಲ. ಅಜ್ಜಿಯನ್ನ ಮೂವತ್ತು ವರ್ಷ ಸತಾಯಿಸಿದ ಹೊಗೆಗಿಂತ ಅದು ನಿರ್ದಯಿ, ಒಂದೇ ರಾತ್ರೀಲಿ ಕೆಲಸ ಮುಗಿಸ್ತದೆ. ಚಳಿಗೆ ಅಂತ ಕೋಣೇಲಿ ಕೆಂಡ ಇಟ್ಟು ಮಲಗಿದವರು ಬೆಳಿಗ್ಗೆ ಏಳದ ಸುದ್ದಿ ವರ್ಷಾ ವರ್ಷಾ ಪೇಪರಲ್ಲಿ ಬರ್ತದೆ. ಬಯಲು ಜಾಗ ಇಲ್ಲದವರಿಗೆ ನನ್ನ ಸಲಹೆ: ಸ್ಮೋಕರೇ ಬೇಡ. ಮಾಂಸನ ಪೂರ್ತಿ ಬೇಯಿಸಿ, ಪಾತ್ರೆ ನಡುವೆ ಒಂದು ಬಟ್ಟಲಿಟ್ಟು, ಅದರೊಳಗೆ ಗ್ಯಾಸಿನ ಮೇಲೆ ಕೆಂಪಗೆ ಮಾಡಿದ ಒಂದೇ ಒಂದು ಇದ್ದಿಲ ತುಂಡು ಹಾಕಿ, ಮೇಲೆ ಅರ್ಧ ಚಮಚ ತುಪ್ಪ ಬಿಟ್ಟು ಐದು ನಿಮಿಷ ಮುಚ್ಚಿ. ಆಮೇಲೆ ಆ ಕೆಂಡನ ನೀರಲ್ಲಿ ಮುಳುಗಿಸಿ ಆರಿಸಿ. ಕಿಟಕಿ ತೆಗೆದಿರಲಿ. ಘಮ ಬರ್ತದೆ, ಮಂದಿಯೂ ಉಳೀತಾರೆ.

"ಅತ್ತೆ, ಇಷ್ಟೆಲ್ಲ ಹೆದರಿಸಿದ್ರೆ ಯಾರು ಮಾಡ್ತಾರೆ?" ಅಂತ ಕೇಳ್ತಾನೆ, ಗೊತ್ತು. ಹೆದರಿಸ್ತಾ ಇಲ್ಲಪ್ಪ. ನಾನೂ ಮಾಡ್ತೀನಿ, ತಿಂಗಳಿಗೊಮ್ಮೆ, ಅಂಗಳದಲ್ಲಿ. ಹಂದಿ ಭುಜದ ತುಂಡು 65, 70 ಡಿಗ್ರಿಗೆ ಬಂದು ಗಂಟೆಗಟ್ಟಲೆ ಅಲ್ಲೇ ನಿಂತುಬಿಡ್ತದೆ. ಮಾಂಸ ಬೆವರ್ತಾ ಇರ್ತದೆ, ಆ ಬೆವರೇ ಅದನ್ನ ತಣ್ಣಗಿಡ್ತದೆ. ಹೊಸಬರು ಗಾಬರಿಯಾಗಿ ಕೆಂಡ ಸುರೀತಾರೆ. ನಾನು ಕುರ್ಚಿ ಹಾಕ್ಕೊಂಡು ಅಡಿಕೆ ಸುಲೀತಾ ಕೂರ್ತೀನಿ. 90 ದಾಟಿದ ಮೇಲೆ ಅದು ಬೆರಳಿಗೇ ಬಿಡಿಸಿಕೊಂಡು ಬರ್ತದೆ. ಅಜ್ಜಿಗೆ ಸಿಗದೇ ಹೋದದ್ದು ಇದೇ: ಹೊಗೆ ಅಲ್ಲಿ, ನಾನು ಇಲ್ಲಿ, ನಡುವೆ ಗಾಳಿ.

ಈಗ ಮಳೆ. ದೀಪಾವಳಿ ಕಳೆದ ಮೇಲೆ ಬಾ ಮಾರಾಯ, ಥರ್ಮಾಮೀಟರ್ ಒಂದು ತಗೊಂಡು ಬಾ. ಒಲೆ ಇಲ್ಲಿದೆ, ಪೇರಲೆ ಸೌದೆ ಕೊಟ್ಟಿಗೇಲಿ ಒಣಗ್ತಾ ಇದೆ. ಮೊದಲು ಕೋಳಿ ತೊಡೆಯೇ ಮಾಡೋಣ. ಮೂಳೆಗೆ ತಾಗದ ಹಂಗೆ ಮುಳ್ಳು ಚುಚ್ಚಿ, 74 ಅಂತ ನೀನೇ ಓದಿ ಹೇಳಬೇಕು. ನಿನ್ನ ಅವ್ವನನ್ನೂ ಕರಕೊಂಡು ಬಾ. ಮೊದಲ ತುಂಡು ಅವರಿಗೇ ಕೊಡೋದು ಅಂತ ಇದ್ದೀನಿ, ತಿಂತಾರೋ ಇಲ್ವೋ ಗೊತ್ತಿಲ್ಲ.